ಟೇಪು, ಸೀಮೆಸುಣ್ಣ, ಮೂರು ಸೆಕೆಂಡು: ನಿಮ್ಮ ಊರಿನ ಬೀದಿಯಲ್ಲಿ ನಿಶ್ಚಿಂತೆಯಿಂದ ನಡೆಯಲು ಏನು ಮಾಡಬೇಕು?

ನಮ್ಮ ಊರಿನ ಹೆಸರು ಬೇಡ. ಬಿ.ಎಚ್. ರಸ್ತೆಯ ಮೇಲಿನ ಒಂದು ಊರು ಅಂದುಕೊಳ್ಳಿ, ಸಾಕು. ತುಮಕೂರು, ತಿಪಟೂರು, ಅರಸೀಕೆರೆ, ಭದ್ರಾವತಿ, ಶಿವಮೊಗ್ಗ, ಸಾಗರ ಹೀಗೆ ಈ ಸಾಲಿನ ಊರುಗಳಿಗೆಲ್ಲ ಅದು ಪೇಟೆ ಬೀದಿ. ಹೂವು, ಔಷಧಿ, ಬ್ಯಾಂಕು, ಶಾಲೆ ಎಲ್ಲ ಅಲ್ಲೇ. ಆದರೆ ಬೆಂಗಳೂರಿನಿಂದ ಹೊನ್ನಾವರಕ್ಕೆ ಹೊರಟ ಲಾರಿಯವನಿಗೆ ಅದು ಹೆದ್ದಾರಿ. ಬೈಪಾಸ್ ಆದ ಕಡೆಯೂ ಹಳೇ ರಸ್ತೆಯ ಅಗಲ, ಹಳೇ ವೇಗ ಹಾಗೇ ಉಳಿದುಬಿಡುತ್ತದೆ.

2022ರಲ್ಲಿ ದೇಶದಲ್ಲಿ ರಸ್ತೆ ಅಪಘಾತಗಳಿಂದ ಸತ್ತವರು 1,68,491 ಮಂದಿ. ಅವರಲ್ಲಿ 32,825 ಜನ ನಡೆದು ಹೋಗುತ್ತಿದ್ದವರು, 4,836 ಜನ ಸೈಕಲ್ ಮೇಲಿದ್ದವರು. ಇದು ಕೇಂದ್ರ ಸಾರಿಗೆ ಸಚಿವಾಲಯದ ಲೆಕ್ಕ. ಇದಕ್ಕೆ ನಮ್ಮಲ್ಲಿ ಸಾಮಾನ್ಯವಾಗಿ ಆಗುವುದು ಜಾಗೃತಿ ಜಾಥಾ. ಮಕ್ಕಳ ಕೈಗೆ ಬ್ಯಾನರ್ ಕೊಟ್ಟು, ಫುಟ್‌ಪಾತ್ ಇಲ್ಲದ ರಸ್ತೆಯಲ್ಲೇ ಮೆರವಣಿಗೆ! ಅದರ ಬದಲು ಏನು ಮಾಡಬಹುದು ಅಂತ ನೋಡೋಣ.

ಮೊದಲು ಒಂದು ಕಿಲೋಮೀಟರ್ ಮಾತ್ರ

ಇಡೀ ಊರನ್ನು ತಲೆ ಮೇಲೆ ಹೊತ್ತುಕೊಳ್ಳಬೇಡಿ. ಶಾಲೆ ಗೇಟಿನಿಂದ ಬಸ್ ಸ್ಟ್ಯಾಂಡ್‌ವರೆಗೆ, ಇಲ್ಲವೇ ಸಂತೆಯಿಂದ ಆಸ್ಪತ್ರೆಯವರೆಗೆ ಒಂದು ತುಂಡು ಆರಿಸಿಕೊಳ್ಳಿ. ಅದನ್ನು ಮೂರು ಹೊತ್ತು ನಡೆಯಿರಿ: ಶಾಲೆ ಶುರುವಾಗುವಾಗ, ಸುಡು ಮಧ್ಯಾಹ್ನ, ಕತ್ತಲಾದ ಮೇಲೆ. ಒಮ್ಮೆಯಾದರೂ ವಯಸ್ಸಾದ ಒಬ್ಬರನ್ನು ಜೊತೆಗೆ ಕರೆದುಕೊಂಡು ಹೋಗಿ.

ನಾನು ಅತ್ತೆಯವರ ಜೊತೆ ಹೋಗಿದ್ದೆ. ಅಂಗಡಿಗೊಂದು ಇಳಿಜಾರು, ಮನೆಗೊಂದು ಮೆಟ್ಟಿಲು, ನಡುವೆ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಕಂಬ, ಬಾಯಿ ತೆರೆದ ಚರಂಡಿ. ಒಂಬತ್ತು ಸಲ ಇಳಿದು ಹತ್ತಿದರು. ಹತ್ತನೇ ಸಲ ಹತ್ತಲಿಲ್ಲ. ರಸ್ತೆ ಅಂಚಿನಲ್ಲೇ ನಡೆಯತೊಡಗಿದರು. "ಇದೇ ವಾಸಿ ಕಣಮ್ಮಾ, ಮಂಡಿ ನೋವು" ಅಂದರು. ಅಲ್ಲೇ ಟೇಪು ಹಿಡಿದೆ. ಫುಟ್‌ಪಾತಿನ ಎತ್ತರ ಹನ್ನೊಂದು ಇಂಚು. ದೇಶದ ರಸ್ತೆಗಳಿಗೆ ಮಾನದಂಡ ಬರೆಯುವ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ ಅದು 15 ಸೆಂಟಿಮೀಟರ್ ಮೀರಬಾರದು, ಅಂದರೆ ಆರು ಇಂಚು. "ಫುಟ್‌ಪಾತ್ ಇದ್ದರೂ ಜನ ರಸ್ತೆ ಮೇಲೆ ನಡೀತಾರೆ" ಅಂತ ಬೈಯುವವರು ಒಮ್ಮೆ ಈ ಎತ್ತರ ಅಳೆದು ನೋಡಲಿ.

ಅಗಲವನ್ನೂ ಅಳೆಯಿರಿ. ಕಂಬ, ಬೋರ್ಡು ಎಲ್ಲ ಕಳೆದು ಕನಿಷ್ಠ 1.8 ಮೀಟರ್ ಖಾಲಿ ಜಾಗ ಸಿಗಬೇಕು. ಎರಡು ಗಾಲಿಕುರ್ಚಿಗಳು ಎದುರುಬದುರು ದಾಟಲು ಅಷ್ಟು ಬೇಕು. ಎಲ್ಲೆಲ್ಲಿ ಸಿಗಲಿಲ್ಲವೋ ಅಲ್ಲಿ ಫೋಟೋ ತೆಗೆದು, ಪಕ್ಕದ ಅಂಗಡಿಯ ಗುರುತು ಬರೆದಿಟ್ಟುಕೊಳ್ಳಿ.

ಮೂರು ಸೆಕೆಂಡಿನ ಲೆಕ್ಕ

ಇದಕ್ಕೆ ಸ್ಪೀಡ್ ಗನ್ ಬೇಡ. ರಸ್ತೆ ಅಂಚಿನಲ್ಲಿ 25 ಮೀಟರ್ ಅಳೆದು, ಎರಡೂ ಕೊನೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕಟ್ಟೆ ಮೇಲೆ ಕೂರಿ. ಗಾಡಿ ಆ ದೂರವನ್ನು ಮೂರು ಸೆಕೆಂಡಿನಲ್ಲಿ ದಾಟಿದರೆ ವೇಗ ಗಂಟೆಗೆ 30 ಕಿ.ಮೀ. ಎರಡೇ ಸೆಕೆಂಡು ಹಿಡಿದರೆ 45. ಐವತ್ತು ಗಾಡಿ ಬರೆದುಕೊಂಡರೆ ಒಂದು ಚಿತ್ರ ಸಿಗುತ್ತದೆ. ಗಾಡಿಯವರಿಗೆ ಕಾಣದ ಹಾಗೆ ಕೂತರೆ ಒಳ್ಳೇದು. ಯಾರೋ ಬರೆದುಕೊಳ್ಳುತ್ತಿದ್ದಾರೆ ಅಂತ ಗೊತ್ತಾದರೆ ಎಲ್ಲರೂ ಸಾಧುಗಳಾಗುತ್ತಾರೆ.

ಮೂವತ್ತೇ ಯಾಕೆ? ಒಣಗಿದ ರಸ್ತೆ, ಒಳ್ಳೇ ಬ್ರೇಕು ಇದ್ದರೂ, 30ರಲ್ಲಿ ಬರುವ ಕಾರು ಮಗು ಕಂಡ ಕ್ಷಣದಿಂದ ಪೂರ್ತಿ ನಿಲ್ಲಲು ಸುಮಾರು 13 ಮೀಟರ್ ತೆಗೆದುಕೊಳ್ಳುತ್ತದೆ. 50ರಲ್ಲಿ ಬಂದರೆ ಸುಮಾರು 28. ಹದಿನೈದು ಮೀಟರ್ ದೂರದಲ್ಲಿ ಚೆಂಡಿನ ಹಿಂದೆ ಮಗು ಓಡಿ ಬಂತು ಅಂದುಕೊಳ್ಳಿ. ಮೊದಲ ಕಾರು ನಿಂತಿರುತ್ತದೆ. ಎರಡನೆಯದು ಆಗಿನ್ನೂ ಬ್ರೇಕ್ ಒತ್ತಲು ಶುರು ಮಾಡಿರುತ್ತದೆ, ಅಷ್ಟೇ. ರಸ್ತೆ ಸುರಕ್ಷತೆ ಬಗ್ಗೆ ಹಲವು ದೇಶಗಳು ಸೇರಿ ಹೊರಡಿಸಿದ 2020ರ ಸ್ಟಾಕ್‌ಹೋಮ್ ಘೋಷಣೆಯೂ ನಡೆಯುವವರು, ಸೈಕಲ್, ಗಾಡಿ ಬೆರೆಯುವ ಕಡೆ 30ರ ಮಿತಿಯನ್ನೇ ಕೇಳಿತು.

ಬೋರ್ಡಿಗಿಂತ ಮೂಲೆ ಮುಖ್ಯ

'ನಿಧಾನವಾಗಿ ಚಲಿಸಿ' ಬೋರ್ಡು ನೋಡಿ ನಿಧಾನ ಮಾಡಿದವರನ್ನು ನಾನಂತೂ ನೋಡಿಲ್ಲ. ರಸ್ತೆ ಅಗಲವಾಗಿ, ನೆಟ್ಟಗೆ, ನುಣ್ಣಗಿದ್ದರೆ ಕಾಲು ತಾನಾಗಿ ಆಕ್ಸಿಲರೇಟರ್ ಒತ್ತುತ್ತದೆ. ಹಾಗಾಗಿ ಬದಲಾಗಬೇಕಾದದ್ದು ರಸ್ತೆಯ ಆಕಾರ.

ಎಲ್ಲಕ್ಕಿಂತ ಅಗ್ಗದ ಕೆಲಸ ಅಡ್ಡರಸ್ತೆಯ ಮೂಲೆಯದು. ಮೂಲೆ ದೊಡ್ಡದಾಗಿ ದುಂಡಗಿದ್ದರೆ ಬೈಕು ಬ್ರೇಕ್ ಹಿಡಿಯದೇ ತಿರುಗುತ್ತದೆ. ಆ ದುಂಡನ್ನು ಕಡಿಮೆ ಮಾಡಿ, ಮೂಲೆಯನ್ನು ಚೌಕಕ್ಕೆ ಹತ್ತಿರ ತಂದರೆ ಗಾಡಿ ನಿಧಾನ ಮಾಡಲೇಬೇಕು. ದಾಟುವವರಿಗೆ ದೂರವೂ ಕಮ್ಮಿಯಾಗುತ್ತದೆ. ಶುರುವಿಗೆ ಕಾಂಕ್ರೀಟ್ ಬೇಡ. ಬಿಳಿ ಬಣ್ಣ, ಮರಳು ತುಂಬಿದ ನಾಲ್ಕು ಡ್ರಮ್, ಅದಕ್ಕೆ ರಾತ್ರಿ ಹೊಳೆಯುವ ಪಟ್ಟಿ ಇದ್ದರೆ ಸಾಕು. ನಿಮ್ಮಷ್ಟಕ್ಕೆ ನೀವೇ ಇಡಬೇಡಿ, ನಗರಸಭೆ ಮತ್ತು ಟ್ರಾಫಿಕ್ ಠಾಣೆಯ ಒಪ್ಪಿಗೆ ತೆಗೆದುಕೊಳ್ಳಿ. ಇಡುವ ಮೊದಲು ಬೆಳಗ್ಗೆ ಕಸದ ಗಾಡಿಯವರನ್ನು ಕೇಳಿ ಒಮ್ಮೆ ತಿರುಗಿಸಿ ನೋಡಿ. ಅವರ ಗಾಡಿ ಸಲೀಸಾಗಿ ತಿರುಗಿದರೆ ಆಂಬುಲೆನ್ಸೂ ತಿರುಗುತ್ತದೆ.

ಹಂಪ್ ಬೇಕೇ ಬೇಕು ಅಂದರೆ ಅದಕ್ಕೂ ಅಳತೆ ಇದೆ. 10 ಸೆಂ.ಮೀ. ಎತ್ತರ, 3.7 ಮೀಟರ್ ಉದ್ದದ ಉಬ್ಬು. ಅಪಘಾತವಾದ ಸಂಜೆ ಜನರೇ ಸೇರಿ ಹಾಕುವ ಮೊಣಕಾಲುದ್ದದ ಗುಡ್ಡ ಅಲ್ಲ. ಅದು ಸೈಕಲ್‌ನವರನ್ನೂ ಬೈಕಿನ ಹಿಂದೆ ಕೂತ ಹೆಂಗಸರನ್ನೂ ಬೀಳಿಸುತ್ತದೆ. ಅದಕ್ಕಿಂತ ಶಾಲೆ ಮುಂದಿನ ಜೀಬ್ರಾ ಕ್ರಾಸಿಂಗನ್ನೇ ಫುಟ್‌ಪಾತಿನ ಮಟ್ಟಕ್ಕೆ ಎತ್ತರಿಸಿದರೆ ಎರಡೂ ಕೆಲಸ ಒಂದರಲ್ಲೇ ಆಗುತ್ತದೆ. ರಾಷ್ಟ್ರೀಯ ಹೆದ್ದಾರಿ ಮೇಲೆ ಮಾತ್ರ ಹಂಪ್ ಕೇಳಬೇಡಿ, ಕೊಡುವುದಿಲ್ಲ. ಅಲ್ಲಿ ಕೇಳಬೇಕಾದದ್ದು ರಸ್ತೆ ನಡುವೆ ನಿಲ್ಲಲು ಜಾಗ. ನಾಲ್ಕು ಲೇನಿನ 14 ಮೀಟರ್ ದಾಟಲು ನಮಗೆ ಹನ್ನೆರಡು ಸೆಕೆಂಡು ಬೇಕು, ಅತ್ತೆಯವರಿಗೆ ಹದಿನೇಳೋ ಹದಿನೆಂಟೋ. ನಡುವೆ ಎರಡು ಮೀಟರ್ ಅಗಲದ ಕಟ್ಟೆ ಇದ್ದರೆ ಒಂದು ಸಲಕ್ಕೆ ಒಂದೇ ಕಡೆ ನೋಡಿ ಅರ್ಧರ್ಧ ದಾಟಬಹುದು.

ಸೈಕಲ್‌ನವರಿಗೆ

2006–07ರಲ್ಲಿ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಸೈಕಲ್ ಬಂತು, ಅದು ಓಡುವ ಜಾಗ ಬರಲಿಲ್ಲ. 30ರ ವೇಗದ ಒಳರಸ್ತೆಗೆ ಪ್ರತ್ಯೇಕ ಸೈಕಲ್ ದಾರಿ ಬೇಕಿಲ್ಲ, ಬೆರೆತು ಹೋಗಬಹುದು. ವೇಗ ಜಾಸ್ತಿ ಇರುವ ರಸ್ತೆಗೆ ಬೇಕು: ಎರಡು ಮೀಟರ್ ಅಗಲ, ನಡುವೆ ಕಲ್ಲಿನ ಅಂಚು. ಸುಮ್ನೆ ಹಸಿರು ಬಣ್ಣ ಬಳಿದರೆ ವಾರದಲ್ಲಿ ಪಾರ್ಕಿಂಗ್ ಆಗುತ್ತದೆ. ಚರಂಡಿ ಜಾಲರಿಗಳನ್ನೂ ಬಗ್ಗಿ ನೋಡಿ. ಕಂಬಿಗಳು ರಸ್ತೆಯ ಉದ್ದಕ್ಕೇ ಇದ್ದರೆ ಚಕ್ರ ಅದರೊಳಗೆ ಸಿಕ್ಕಿ ಮಗು ಮುಂದಕ್ಕೆ ಬೀಳುತ್ತದೆ. ಅಡ್ಡಕ್ಕೆ ತಿರುಗಿಸಿ ಕೂರಿಸಲು ಅರ್ಧ ದಿನದ ಕೆಲಸ.

ಅರ್ಜಿ ಯಾರಿಗೆ?

ನಾವು ಎಡವಿದ್ದು ಇಲ್ಲೇ. ಮೊದಲ ಅರ್ಜಿ ಹಿಡಿದು ಮೂರು ಕಚೇರಿ ಸುತ್ತಿದೆವು. ಎಲ್ಲರೂ "ಇದು ನಮ್ಮದಲ್ಲ" ಅಂದರು. ವಾರ್ಡ್ ರಸ್ತೆ ನಗರಸಭೆಯದು, ರಾಜ್ಯ ಹೆದ್ದಾರಿ ಲೋಕೋಪಯೋಗಿ ಇಲಾಖೆಯದು, ಟಿ.ಸಿ. ವಿದ್ಯುತ್ ಕಂಪನಿಯದು. ರಸ್ತೆ ಯಾರದು ಅಂತ ಮೊದಲೇ ಲಿಖಿತವಾಗಿ ಕೇಳಿ, ಬೇಕಾದರೆ ಮಾಹಿತಿ ಹಕ್ಕಿನಲ್ಲಿ. ಆಮೇಲೆ ಒಂದೇ ಅರ್ಜಿ ಬರೆದು, ಪ್ರತಿಗಳನ್ನು ಎಲ್ಲರಿಗೂ ಮತ್ತು ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿಗೂ ಕೊಡಿ. ಈ ಸಮಿತಿಯಲ್ಲಿ ಎಲ್ಲ ಇಲಾಖೆಯವರೂ ಒಂದೇ ಮೇಜಿಗೆ ಕೂರುತ್ತಾರೆ. ಸ್ವೀಕೃತಿ ಮೊಹರು ಇಲ್ಲದೆ ಹಿಂದಿರುಗಬೇಡಿ.

ಅರ್ಜಿಯಲ್ಲಿ ಅಳತೆ, ವೇಗದ ಪಟ್ಟಿ, ಫೋಟೋ ಇರಲಿ. 2019ರ ತಿದ್ದುಪಡಿಯಲ್ಲಿ ಬಂದ ಮೋಟಾರು ವಾಹನ ಕಾಯ್ದೆಯ 198ಎ ಕಲಮನ್ನೂ ಒಂದು ಸಾಲಿನಲ್ಲಿ ನೆನಪಿಸಿ: ಮಾನದಂಡ ಪಾಲಿಸದ ರಸ್ತೆಯಿಂದ ಜೀವ ಹೋದರೆ ಅದಕ್ಕೆ ಹೊಣೆಯಾದ ಪ್ರಾಧಿಕಾರ ಅಥವಾ ಗುತ್ತಿಗೆದಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ.

ಅಂಗಡಿಯವರ ಜೊತೆ ಮಾತು

ಡ್ರಮ್ ಇಟ್ಟ ದಿನ ಮೊದಲು ಜಗಳಕ್ಕೆ ಬರುವವರು ಮೂಲೆ ಅಂಗಡಿಯವರು. "ಗಾಡಿ ನಿಲ್ಲಿಸೋಕೆ ಜಾಗ ಇಲ್ಲ ಅಂದ್ರೆ ಗಿರಾಕಿ ಬರ್ತಾರಾ?" ಪ್ರಶ್ನೆ ನ್ಯಾಯವಾದದ್ದೇ. ಒಂದು ದಿನ ಅವರ ಜೊತೆಯೇ ಕೂತು, ಬಂದ ಗಿರಾಕಿಗಳಲ್ಲಿ ನಡೆದು ಬಂದವರೆಷ್ಟು, ಗಾಡಿಯಲ್ಲಿ ಬಂದವರೆಷ್ಟು ಅಂತ ಎಣಿಸಿ. ನಮ್ಮ ಮೂಲೆಯ ಕಿರಾಣಿ ಅಂಗಡಿಯವರಿಗೆ ತಮ್ಮದೇ ಲೆಕ್ಕ ನೋಡಿ ಆಶ್ಚರ್ಯ ಆಯಿತು. ಸೊಪ್ಪು ಮಾರುವ ಅಮ್ಮನನ್ನು ಎಬ್ಬಿಸಿ ಫುಟ್‌ಪಾತ್ ಖಾಲಿ ಮಾಡಿಸುವ ಸುಲಭದ ದಾರಿ ಮಾತ್ರ ಬೇಡ. 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಅವರಿಗೂ ಜಾಗ ಗುರುತಿಸಬೇಕು ಅನ್ನುತ್ತದೆ. ಅಲ್ಲದೆ ಸಂಜೆ ಏಳರ ನಂತರ ಆ ಬೀದಿಯಲ್ಲಿ ಹೆಂಗಸರು ಧೈರ್ಯವಾಗಿ ನಡೆಯುವುದು ಅವರ ದೀಪ ಇರುವುದರಿಂದಲೇ, ಅಲ್ವಾ?

ಸ್ಪೇನಿನ ಪೊಂಟೆವೆದ್ರಾ ಸುಮಾರು 83 ಸಾವಿರ ಜನರ ಊರು, ನಮ್ಮ ಒಂದು ತಾಲ್ಲೂಕು ಕೇಂದ್ರದಷ್ಟು. 1999ರಲ್ಲಿ ಮೇಯರ್ ಆದ ಮಿಗೆಲ್ ಆಂಶೊ ಫೆರ್ನಾಂಡೆಸ್ ಲೋರೆಸ್ ಹಳೇ ಪೇಟೆಯಿಂದ ಕಾರುಗಳನ್ನು ಹೊರಗಿಟ್ಟು, ಊರ ಅಂಚಿನಲ್ಲಿ ಉಚಿತ ಪಾರ್ಕಿಂಗ್ ಮಾಡಿಸಿದರು. ಅವರೂ ಮೊದಲಿಗೆ ಕೈ ಹಾಕಿದ್ದು ಇಡೀ ಊರಿಗಲ್ಲ, ಹಳೇ ಪೇಟೆಗೆ.

ತಿಂಗಳಾದ ಮೇಲೆ ಅದೇ ಗೆರೆ, ಅದೇ ಹೊತ್ತು, ಅದೇ ಸ್ಟಾಪ್‌ವಾಚ್ ಹಿಡಿದು ಮತ್ತೆ ಐವತ್ತು ಗಾಡಿ ಎಣಿಸಿ. ಹಳೇ ಪಟ್ಟಿ, ಹೊಸ ಪಟ್ಟಿ ಎರಡನ್ನೂ ಎಂಜಿನಿಯರ್ ಮುಂದಿಡಿ. ನಮ್ಮ ಮೂಲೆಗೆ ಕಲ್ಲಿನ ಅಂಚು ಕಟ್ಟುವ ಎಸ್ಟಿಮೇಟ್ ಈಗ ಮೇಜಿನ ಮೇಲಿದೆಯಂತೆ, ಮಳೆಗಾಲ ಕಳೆಯಲಿ ಅಂದಿದ್ದಾರೆ. ಬಣ್ಣ ಮಾಸಿದೆ, ಡ್ರಮ್‌ಗಳು ಮಾತ್ರ ಅಲ್ಲೇ ಇವೆ. ಒಂದರಲ್ಲಿ ಯಾರೋ ತುಳಸಿ ನೆಟ್ಟಿದ್ದಾರೆ, ಇನ್ನು ಅದನ್ನು ಎತ್ತಿಸಲು ಯಾರೂ ಬರಲಾರರು.