ಲ್ಯಾಂಬ್ಡಾ ಫಂಕ್ಷನ್‌ಗಳನ್ನು ನಿಮ್ಮ ಕಂಪ್ಯೂಟರಿನಲ್ಲೇ ಡೀಬಗ್ ಮಾಡುವುದು ಹೇಗೆ?

ಲ್ಯಾಂಬ್ಡಾ ಎಂದರೆ ಸರ್ವರ್ ನಿಭಾಯಿಸುವ ಗೋಜಿಲ್ಲದೆ ಕೋಡ್ ಓಡಿಸುವ ಅಮೆಜಾನ್ ಕ್ಲೌಡ್ (ಎಡಬ್ಲ್ಯೂಎಸ್) ಸೇವೆ. ಅದರ ದೋಷ ಹುಡುಕಲು ಒಂದು ಸಾಲು ಬದಲಿಸಿದಾಗೆಲ್ಲ ಡಿಪ್ಲಾಯ್ ಮಾಡಿ (ಕ್ಲೌಡ್‌ಗೆ ಏರಿಸಿ), ಎಡಬ್ಲ್ಯೂಎಸ್‌ನ ಲಾಗ್ ಸೇವೆಯಾದ ಕ್ಲೌಡ್‌ವಾಚ್‌ನಲ್ಲಿ ಲಾಗ್ ಹುಡುಕುತ್ತ ಕೂರಬೇಕಿಲ್ಲ. ಎಡಬ್ಲ್ಯೂಎಸ್‌ನ ಸ್ಯಾಮ್ ಸಿಎಲ್‌ಐ (ಟರ್ಮಿನಲ್ ಆಜ್ಞೆಗಳ ಸಾಧನ) ಮತ್ತು ಡಾಕರ್ (ಕಂಟೇನರ್, ಅಂದರೆ ಪ್ರತ್ಯೇಕಿಸಿದ ಪರಿಸರ, ನಡೆಸುವ ತಂತ್ರಾಂಶ) ಇದ್ದರೆ ಫಂಕ್ಷನ್ ನಿಮ್ಮಲ್ಲೇ ಕಂಟೇನರಿನೊಳಗೆ ಓಡುತ್ತದೆ. ಇಲ್ಲಿ ನೋಡ್ ಜೆಎಸ್ (ಜಾವಾಸ್ಕ್ರಿಪ್ಟ್ ಓಡಿಸುವ ವ್ಯವಸ್ಥೆ) ಮತ್ತು ವಿಎಸ್ ಕೋಡ್ (ಕೋಡ್ ಎಡಿಟರ್) ಹಿಡಿದು ವಿವರಿಸಿದ್ದೇವೆ. ಆಜ್ಞೆಗಳನ್ನು ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಿ.

ಡಾಕರ್ ಚಾಲೂ ಮಾಡಿ, ಪ್ರಾಜೆಕ್ಟ್ ಫೋಲ್ಡರಿನಲ್ಲಿ "ಸ್ಯಾಮ್ ಬಿಲ್ಡ್" ಕೊಡಿ. ಪರೀಕ್ಷೆಗೆ ಈವೆಂಟ್ (ಫಂಕ್ಷನ್‌ಗೆ ಸಿಗುವ ಇನ್‌ಪುಟ್) ಬೇಕು: "ಸ್ಯಾಮ್ ಲೋಕಲ್ ಜನರೇಟ್-ಈವೆಂಟ್ ಎಸ್3 ಪುಟ್" ಎಂದರೆ ಎಸ್3ಗೆ (ಎಡಬ್ಲ್ಯೂಎಸ್‌ನ ಫೈಲ್ ಸಂಗ್ರಹ ಸೇವೆ) ಫೈಲು ಬಂದಾಗಿನ ಮಾದರಿ ಜೇಸನ್ (ಡೇಟಾ ಬರೆಯುವ ಪಠ್ಯರೂಪ) ಸಿಗುತ್ತದೆ. ಅದನ್ನು ಫೈಲಿಗೆ ಉಳಿಸಿ, ಬಕೆಟ್ (ಎಸ್3ಯ ಸಂಗ್ರಹ ಸ್ಥಳ) ಹೆಸರು ಬದಲಿಸಿ. ಬಳಿಕ "ಸ್ಯಾಮ್ ಲೋಕಲ್ ಇನ್ವೋಕ್", ಟೆಂಪ್ಲೇಟಿನಲ್ಲಿರುವ (ಪ್ರಾಜೆಕ್ಟಿನ ಸಂರಚನಾ ಫೈಲು) ಫಂಕ್ಷನ್ ಹೆಸರು, "-ಇ" ಜೊತೆ ಈವೆಂಟ್ ಫೈಲು, "-ಡಿ 5858" (ಡೀಬಗ್ ಪೋರ್ಟ್) ಎಲ್ಲವನ್ನೂ ಒಂದೇ ಸಾಲಿನಲ್ಲಿ ಕೊಡಿ. ಟರ್ಮಿನಲ್ ಅಲ್ಲೇ ನಿಂತುಬಿಡುತ್ತದೆ. ಕೆಟ್ಟಿದೆ ಎಂದುಕೊಂಡು ಕಂಟ್ರೋಲ್-ಸಿ ಒತ್ತಬೇಡಿ, ಅದು ಡೀಬಗರ್‌ಗಾಗಿ ಕಾಯುತ್ತಿದೆ. ವಿಎಸ್ ಕೋಡ್‌ನ ಲಾಂಚ್ ಫೈಲಿನಲ್ಲಿ "ಅಟ್ಯಾಚ್" ಬಗೆ, ಪೋರ್ಟ್ 5858 ಕೊಟ್ಟು ಎಫ್5 ಒತ್ತಿ.

ಬ್ರೇಕ್‌ಪಾಯಿಂಟ್ (ಓಟ ನಿಲ್ಲಿಸಲು ನೀವು ಗುರುತಿಟ್ಟ ಸಾಲು) ಬೂದುಬಣ್ಣದಲ್ಲೇ ಉಳಿದರೆ ಸಾಮಾನ್ಯವಾಗಿ ಫೈಲಿನ ದಾರಿ (ಪಾತ್) ತಪ್ಪಾಗಿದೆ ಎಂದರ್ಥ. ಕಂಟೇನರಿನಲ್ಲಿ ಕೋಡ್ ಇರುವುದು "/ವಾರ್/ಟಾಸ್ಕ್"ನಲ್ಲಿ. "ರಿಮೋಟ್ ರೂಟ್"ಗೆ ಅದನ್ನೂ "ಲೋಕಲ್ ರೂಟ್"ಗೆ ನಿಮ್ಮ ಫಂಕ್ಷನ್ ಫೋಲ್ಡರನ್ನೂ ಬರೆಯಿರಿ. ಟೈಪ್‌ಸ್ಕ್ರಿಪ್ಟ್ (ಜಾವಾಸ್ಕ್ರಿಪ್ಟಿಗೆ ಮಾರ್ಪಡುವ ಭಾಷೆ) ಆದರೆ ಸೋರ್ಸ್ ಮ್ಯಾಪ್ (ಮೂಲ ಸಾಲನ್ನು ಮಾರ್ಪಟ್ಟ ಸಾಲಿಗೆ ಜೋಡಿಸುವ ಫೈಲು) ಇಲ್ಲದೆ ಸಾಲುಗಳು ಹೊಂದುವುದಿಲ್ಲ.

ಅತಿ ಹೆಚ್ಚು ಸಮಯ ತಿನ್ನುವುದು ಹಳೆಯ ಬಿಲ್ಡ್. ಒಮ್ಮೆ ಬಿಲ್ಡ್ ಮಾಡಿದ ಮೇಲೆ ಇನ್ವೋಕ್ ಓಡಿಸುವುದು ".ಎಡಬ್ಲ್ಯೂಎಸ್-ಸ್ಯಾಮ್" ಫೋಲ್ಡರಿನ ಪ್ರತಿಯನ್ನು, ನೀವು ಈಗಷ್ಟೇ ತಿದ್ದಿದ ಫೈಲನ್ನಲ್ಲ. ತಿದ್ದಿದಾಗೆಲ್ಲ ಮತ್ತೆ ಬಿಲ್ಡ್ ಮಾಡಿ.

ಡೇಟಾಬೇಸ್ ಸಿಗುತ್ತಿಲ್ಲವೇ? ಕಂಟೇನರಿನೊಳಗೆ "ಲೋಕಲ್‌ಹೋಸ್ಟ್" ಎಂದರೆ ಆ ಕಂಟೇನರೇ. ಡಾಕರ್ ಡೆಸ್ಕ್‌ಟಾಪ್‌ನಲ್ಲಿ "ಹೋಸ್ಟ್.ಡಾಕರ್.ಇಂಟರ್ನಲ್" ಬಳಸಿ. ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳನ್ನು (ಕೋಡ್‌ಗೆ ಹೊರಗಿನಿಂದ ಕೊಡುವ ಸೆಟ್ಟಿಂಗ್‌ಗಳು) "--ಎನ್ವ್-ವಾರ್ಸ್" ಮೂಲಕ ಜೇಸನ್ ಫೈಲಿನಿಂದ ಕೊಡಬಹುದು, ಆದರೆ ಟೆಂಪ್ಲೇಟಿನಲ್ಲಿ ಘೋಷಿಸದ ಹೆಸರನ್ನು ಸ್ಯಾಮ್ ಕಡೆಗಣಿಸುತ್ತದೆ. ಕನಿಷ್ಠ ಖಾಲಿ ಮೌಲ್ಯದೊಂದಿಗಾದರೂ ಅಲ್ಲಿ ಬರೆದಿರಿ.

ಒಂದು ಎಚ್ಚರಿಕೆ: ಕೋಡ್ ನಿಮ್ಮಲ್ಲಿ ಓಡಿದರೂ ಅದು ಕರೆಯುವ ಡೈನಮೊಡಿಬಿ (ಎಡಬ್ಲ್ಯೂಎಸ್‌ನ ಡೇಟಾಬೇಸ್), ಎಸ್3 ನಿಜವಾದವೇ. ನಿಮ್ಮ ಪ್ರೊಫೈಲಿನ (ಕಂಪ್ಯೂಟರಿನಲ್ಲಿ ಉಳಿಸಿದ ಎಡಬ್ಲ್ಯೂಎಸ್ ಗುರುತು) ಅನುಮತಿಯಲ್ಲೇ ಕೋಡ್ ಬರೆಯುತ್ತದೆ, ಅಳಿಸುತ್ತದೆ. "--ಪ್ರೊಫೈಲ್" ಕೊಟ್ಟು ಪರೀಕ್ಷಾ ಖಾತೆಯನ್ನೇ ಬಳಸಿ. ಇದೇ ಕಾರಣಕ್ಕೆ, ನಿಮ್ಮಲ್ಲಿ ಸರಾಗವಾಗಿ ನಡೆದದ್ದು ಡಿಪ್ಲಾಯ್ ಆದ ಮೇಲೆ "ಆಕ್ಸೆಸ್ ಡಿನೈಡ್" ಎಂದರೆ ಕೋಡ್ ಕೆದಕಬೇಡಿ, ಫಂಕ್ಷನ್‌ನ ಐಎಎಂ ರೋಲ್ (ಅದಕ್ಕೆ ಏನೇನು ಅನುಮತಿ ಇದೆ ಎಂಬ ಎಡಬ್ಲ್ಯೂಎಸ್ ವ್ಯವಸ್ಥೆ) ನೋಡಿ.