ಇರುವೆ ಕಚ್ಚಿದ್ರೆ ಸುಣ್ಣ ಬೇಡ, ಸೋಪು ಸಾಕು

ನಮ್ ಬಸವನಗುಡಿ ಕಡೆ ಹಳೇ ಮನೆಗಳಲ್ಲಿ ಏನೇ ಕಚ್ಲಿ, ಇರುವೆ ಆಗ್ಲಿ ಜೇನಾಗ್ಲಿ ಕಣಜ ಆಗ್ಲಿ, ಎಲೆಅಡಿಕೆ ತಟ್ಟೆಯಿಂದ ಸುಣ್ಣ ತೆಗೆದು ಮೆತ್ತೋದೇ ವೈದ್ಯ. ವಿಷ ಆಸಿಡ್ಡು, ಸುಣ್ಣ ಕ್ಷಾರ, ಎರಡೂ ಸೇರಿದ್ರೆ ಉರಿ ಇಳಿಯತ್ತೆ ಅನ್ನೋ ಲೆಕ್ಕ. ಅರ್ಧ ನಿಜಾನೇ ಬಿಡಿ, ಮಾವಿನ ಮರದಲ್ಲಿ ಎಲೆ ಹೆಣೆದು ಗೂಡು ಕಟ್ಟತ್ತಲ್ಲ ಚಗಳಿ, ಅದು ಚುಚ್ಚೋದೇ ಇಲ್ಲ, ದವಡೇಲಿ ಕಚ್ಚಿ ಹಿಡ್ಕೊಂಡು ಹೊಟ್ಟೆ ಬಗ್ಗಿಸಿ ಆ ಗಾಯದ ಮೇಲೆ ಫಾರ್ಮಿಕ್ ಆಸಿಡ್ ಚಿಮ್ಮಿಸತ್ತೆ, ಹಾಗಾಗಿ ನೀರಲ್ಲಿ ಚೆನ್ನಾಗಿ ತೊಳೆದು ಅಡಿಗೆ ಸೋಡಾ ಕಲಸಿ ಹಚ್ಚಿದ್ರೆ ಸ್ವಲ್ಪ ಹಾಯನ್ಸಬಹುದು. ಆದ್ರೆ ಪಾರ್ಕಿನ ಹುಲ್ಲಲ್ಲಿ ಕಾಲಿಗೆ ಹತ್ತೋ ಸಣ್ಣ ಕೆಂಪಿರುವೆ ಹಾಗಲ್ಲ, ಅದು ಹಿಂದಿನಿಂದ ಮುಳ್ಳು ಚುಚ್ಚಿ ವಿಷ ಒಳಗಿಳಿಸತ್ತೆ, ಆ ವಿಷದಲ್ಲಿ ಬಹುಪಾಲು ಆಲ್ಕಲಾಯ್ಡುಗಳು (ಆಸಿಡ್ ಅಲ್ಲ, ಕ್ಷಾರದ ಗುಣ ಇರೋ ರಾಸಾಯನಿಕಗಳು), ಸೋಡಾ ಅಲ್ಲಿವರೆಗೆ ಹೋಗೋದೂ ಇಲ್ಲ, ಹೋದ್ರೂ ಮಾಡೋಕೆ ಕೆಲ್ಸ ಇಲ್ಲ. ಸುಣ್ಣ ಅಂತೂ ಚರ್ಮಾನೇ ಸುಡತ್ತೆ, ಮಕ್ಕಳಿಗೆ ಹಚ್ಚಲೇಬೇಡಿ.

ಜೇನಿನ ವಿಷದಲ್ಲೂ ಆಸಿಡ್ಡಿಗಿಂತ ಮೆಲಿಟಿನ್ ಅನ್ನೋ ಪ್ರೋಟೀನ್ ಥರದ್ದು ಜಾಸ್ತಿ, ನೀರಿನಂಶ ಬಿಟ್ರೆ ಹೆಚ್ಚುಕಮ್ಮಿ ಅರ್ಧ ಅದೇ, ನೋವೂ ಬಹುಪಾಲು ಅದರದ್ದೇ. ಜೇನು ಮುಳ್ಳು ಬಿಟ್ಟು ಹೋಗತ್ತೆ, ಆ ಮುಳ್ಳಿನ ಜೊತೆ ವಿಷದ ಚೀಲಾನೂ ಇರತ್ತೆ, ಅದು ಇನ್ನೂ ಪಂಪ್ ಮಾಡ್ತಾನೇ ಇರತ್ತೆ, ಅದಕ್ಕೆ ಉಗುರಲ್ಲೋ ಎಟಿಎಂ ಕಾರ್ಡಲ್ಲೋ ಹೇಗಾದ್ರೂ ಸರಿ, ತಕ್ಷಣ ತೆಗೀರಿ, ಇಕ್ಕಳ ಎಲ್ಲಿಟ್ಟೆ ಅಂತ ಮನೆಯೆಲ್ಲಾ ಹುಡುಕ್ತಾ ಕೂತ್ರೆ ಅಷ್ಟೂ ವಿಷ ಒಳಗೆ. ಕಣಜ ಸಾಮಾನ್ಯವಾಗಿ ಮುಳ್ಳು ಬಿಡಲ್ಲ, ಇನ್ನೊಂದ್ ಸಲ ಚುಚ್ಚತ್ತೆ, ದೂರ ಹೋಗಿ.

ಆಮೇಲೆ ಎಲ್ಲಕ್ಕೂ ಒಂದೇ. ಸೋಪು ನೀರಲ್ಲಿ ತೊಳೀರಿ, ಬಟ್ಟೇಲಿ ಐಸ್ ಸುತ್ತಿ ಹತ್ತು ಹದಿನೈದು ನಿಮಿಷ ಇಡಿ, ಕೈಗೆ ಚುಚ್ಚಿದ್ರೆ ಊದೋಕೆ ಮುಂಚೆ ಉಂಗುರ ಬಳೆ ತೆಗೀರಿ. ತುರಿಕೆಗೆ ಕ್ಯಾಲಮೈನ್ ಲೋಷನ್, ದೊಡ್ಡೋರಾದ್ರೆ ರಾತ್ರಿ ಒಂದು ಸೆಟ್ರಿಜಿನ್ (ಮಕ್ಕಳಿಗೆ, ಬಸುರಿಯರಿಗೆ ಡಾಕ್ಟರ್ ಕೇಳಿ). ಮಾರನೇ ದಿನ ಗುಳ್ಳೆ ಎದ್ರೆ ಒಡೀಬೇಡಿ, ಕೆರೆದು ಉಗುರಿನ ಕೊಳೆ ಸೇರಿದ್ರೆ ಅದೇ ದೊಡ್ಡ ಗಾಯ. ನುಗ್ಗೆ ಮರದ ಕಂಬಳಿಹುಳ ತಾಗಿದ್ರೆ ಮಾತ್ರ ಉಜ್ಜಬೇಡಿ, ಮೊದಲು ಸೆಲೋಟೇಪ್ ಅಂಟಿಸಿ ಅಂಟಿಸಿ ಹುಳದ ಕೂದಲು ಕೀಳಿ, ಆಮೇಲೆ ನೀರು.

ಇಲ್ಲಿ ಅಪಾರ್ಟ್‌ಮೆಂಟ್ ಬಾಲ್ಕನಿಗಳಿಗೆ ಹೆಜ್ಜೇನು ಬರ್ತಾ ಇರತ್ತೆ. ಒಂದು ಚುಚ್ಚಿದಾಗ ಬಾಳೆಹಣ್ಣಿನ ಥರ ವಾಸನೆ ಬಿಡತ್ತೆ, ಅದು ಉಳಿದ ಹುಳಗಳಿಗೆ ಇಲ್ಲೇ ಚುಚ್ಚಿ ಅಂತ ಕರೆ, ಅದಕ್ಕೇ ಪೊರಕೆ ಬೀಸ್ತಾ ನಿಲ್ಲಬೇಡಿ, ಒಳಗೆ ಓಡಿ ಬಾಗಿಲು ಹಾಕ್ಕೊಳ್ಳಿ. ತುಟಿ ನಾಲಿಗೆ ಊದಿದ್ರೆ, ಉಸಿರು ಕಟ್ಟಿದ್ರೆ, ಮೈಯೆಲ್ಲಾ ದದ್ದು ಎದ್ದು ತಲೆಸುತ್ತು ವಾಂತಿ ಬಂದ್ರೆ, ಮಾತ್ರೆ ನುಂಗಿಸಿ ಕಾಯ್ತಾ ಕೂರಬೇಡಿ, ಅದಕ್ಕೆ ಬೇಕಾಗಿರೋದು ಅಡ್ರಿನಲಿನ್ ಇಂಜೆಕ್ಷನ್ನು, 108ಕ್ಕೆ ಫೋನ್ ಮಾಡಿ.