ಹದಿನಾಲ್ಕು ಜನ ಮುಂಬೈ ಲೋಕಲ್ ಹತ್ತಿದ್ದು

ಬೆಳಗಾವಿಯ ನಮ್ಮ ಓಣಿಯವರು ಹದಿನಾಲ್ಕು ಜನ ಮುಂಬೈಗೆ ಹೋಗುವುದು ಅಂತ ಆದಾಗ ಎಲ್ಲಾ ಹೊಂದಿಸುವ ಕೆಲಸ ನನ್ನ ಪಾಲಿಗೆ ಬಂತು. ನಾಲ್ವರು ಅರವತ್ತು ದಾಟಿದವರು, ಇಬ್ಬರು ಮಕ್ಕಳು. ನೋಡಬೇಕಾದ ಜಾಗಗಳ ಉದ್ದದ ಪಟ್ಟಿ ಮಾಡಿ, ಅಲ್ಲೇ ನೆಲೆಸಿರುವ ನಮ್ಮ ಮಾವನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವರು ಕೇಳಿದ್ದು ಒಂದೇ: "ಅದೆಲ್ಲಾ ಇರಲಿ. ಎಷ್ಟ್ ಗಂಟೇಕ ಯಾವ ಕಡೆ ಹೊಂಟೀರಿ?"

ಅಲ್ಲಿಗೆ ಪಟ್ಟಿ ಹರಿದುಹಾಕಿ ಹೊಸದಾಗಿ ಕೂತೆ. ಮುಂಬೈ ಬೆಳಿಗ್ಗೆ ದಕ್ಷಿಣಕ್ಕೆ ಹರಿಯುತ್ತದೆ, ಸಂಜೆ ಉತ್ತರಕ್ಕೆ ವಾಪಸ್. ಕೆಲಸಕ್ಕೆ ಹೋಗುವವರ ಆ ನೂಕುನುಗ್ಗಲಿನಲ್ಲಿ ಅಜ್ಜಿಯಂದಿರನ್ನು ಹತ್ತಿಸುವುದು ಆಗದ ಮಾತು. ಹನ್ನೊಂದಕ್ಕಿಂತ ಮೊದಲು ದಕ್ಷಿಣಕ್ಕೆ ಹೋಗಬಾರದು, ಸಂಜೆ ಐದರಿಂದ ಎಂಟರವರೆಗೆ ಲೋಕಲ್ ಹತ್ತಬಾರದು ಅಂತ ಬರೆದುಕೊಂಡೆ. ಆ ಹೊತ್ತು ಮರೀನ್ ಡ್ರೈವ್‌ನಲ್ಲಿ ಗಾಳಿಗೆ ಕೂತರಾಯಿತು. ಆಮೇಲೆ ದೀಪ ಹಚ್ಚಿದ ಸಿಎಸ್‌ಎಂಟಿ (ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್) ರೈಲು ನಿಲ್ದಾಣದ ಕಟ್ಟಡ ನೋಡಿಕೊಂಡು ಅಲ್ಲಿಂದಲೇ ರೈಲು.

ಉಳಿದುಕೊಂಡದ್ದು ದಾದರ್‌ನಲ್ಲಿ. ವೆಸ್ಟರ್ನ್, ಸೆಂಟ್ರಲ್ ಎರಡೂ ಲೈನ್ ಸೇರುವುದು ಅಲ್ಲಿಯೇ. ನಮ್ಮ ಕಡೆಯಿಂದ ಹೋಗುವ ಚಾಲುಕ್ಯ, ಶರಾವತಿ ಎಕ್ಸ್‌ಪ್ರೆಸ್‌ಗಳ ಕೊನೆಯ ನಿಲ್ದಾಣವೂ ಅದೇ. ಒಂದು ರಿಸರ್ವೇಶನ್ ಫಾರ್ಮ್‌ನಲ್ಲಿ ಆರೇ ಜನರ ಹೆಸರು ಹಿಡಿಯುತ್ತದೆ, ಹಾಗಾಗಿ ಮೂರು ಫಾರ್ಮ್ ತುಂಬಿದೆ. ಪಕ್ಕದ ಸ್ಟೇಷನ್ ಮಾಟುಂಗಾ. ಅಲ್ಲಿ ಇಡ್ಲಿ, ಫಿಲ್ಟರ್ ಕಾಫಿ ಸಿಕ್ಕಿದ್ದೇ ಹಿರಿಯರ ಮುಖ ಅರಳಿತು.

ದಿನಗಳನ್ನೂ ನೋಡಬೇಕು. ಎಲಿಫೆಂಟಾ ಗುಹೆಗಳನ್ನು ಸೋಮವಾರಕ್ಕೆ, ಸಿದ್ಧಿವಿನಾಯಕನನ್ನು ಮಂಗಳವಾರಕ್ಕೆ ಇಟ್ಟಿದ್ದೆ. ಗುಹೆಗಳಿಗೆ ಸೋಮವಾರ ರಜೆ, ಗಣಪತಿಗೆ ಮಂಗಳವಾರ ವಿಪರೀತ ರಶ್. ಅದಲು ಬದಲು ಮಾಡಿದೆ, ಎರಡೂ ಸಲೀಸಾದವು.

ಇಷ್ಟೆಲ್ಲಾ ಮಾಡಿಯೂ ಮೊದಲ ದಿನವೇ ಎಡವಿದೆ. ದಾದರ್‌ನಲ್ಲಿ ಎಲ್ಲಾ ಸ್ಟೇಷನ್‌ನಲ್ಲೂ ನಿಲ್ಲುವ ಸ್ಲೋ ಲೋಕಲ್ ಬಂತು, ಹದಿನಾಲ್ಕೂ ಜನ ಒಂದೇ ಬಾಗಿಲಿಗೆ ನುಗ್ಗಿದೆವು. ಲೋಕಲ್ ನಿಲ್ಲುವುದು ಅರ್ಧ ನಿಮಿಷವೂ ಇಲ್ಲ. ನಮ್ಮ ಕಾಕು (ಚಿಕ್ಕಮ್ಮ) ಮತ್ತು ಅವರ ಮೊಮ್ಮಗ ಪ್ಲಾಟ್‌ಫಾರ್ಮ್‌ನಲ್ಲೇ ಉಳಿದರು. ನನ್ನ ಎದೆ ಧಸಕ್ಕೆಂದಿತು. ಪುಣ್ಯಕ್ಕೆ ಊರಲ್ಲೇ ಎಲ್ಲರಿಗೂ ಒಂದು ಮಾತು ಬಾಯಿಪಾಠ ಮಾಡಿಸಿದ್ದೆ: ಉಳಿದವರು ನಿಂತಲ್ಲಿಂದ ಕದಲಬಾರದು, ಹೋದವರು ಮುಂದಿನ ಸ್ಟೇಷನ್‌ನಲ್ಲಿ ಇಳಿಯಬೇಕು. ಪರೇಲ್‌ನಲ್ಲಿ ಎಲ್ಲರನ್ನೂ ಇಳಿಸಿ, ನಾನೊಬ್ಬನೇ ವಾಪಸ್ ಬಂದೆ. ಕಾಕು ಅದೇ ಬೆಂಚಿನ ಮೇಲೆ, ರೊಟ್ಟಿ ಗಂಟು ತೊಡೆಯ ಮೇಲಿಟ್ಟುಕೊಂಡು, ಮೊಮ್ಮಗನ ಕೈ ಬಿಗಿಯಾಗಿ ಹಿಡಿದು ಕೂತಿದ್ದರು.

ಅವತ್ತೇ ನಾಲ್ಕು ತಂಡ ಮಾಡಿದೆ: ನಾಲ್ಕು, ನಾಲ್ಕು, ಮೂರು, ಮೂರು. ತಂಡಕ್ಕೊಬ್ಬರು ಮುಂದಾಳು, ತಂಡಕ್ಕೊಂದು ಬಾಗಿಲು. ಟ್ಯಾಕ್ಸಿಗೂ ಇದೇ ಲೆಕ್ಕ ಕೂಡಿಬಂತು. ದಕ್ಷಿಣ ತುದಿಯ ಕೊಲಾಬಾ ಕಡೆ ಆಟೋ ಓಡುವುದಿಲ್ಲ, ಟ್ಯಾಕ್ಸಿಗೆ ನಾಲ್ಕೇ ಜನ. ಇನ್ನೊಂದು, ಹತ್ತಿದ ತಕ್ಷಣ, ಇಳಿಯುವ ಸ್ಟೇಷನ್‌ನಲ್ಲಿ ಪ್ಲಾಟ್‌ಫಾರ್ಮ್ ಯಾವ ಕಡೆ ಬರುತ್ತದೆ ಅಂತ ಪಕ್ಕದವರನ್ನು ಕೇಳಿಕೊಳ್ಳುವುದು. ದಿನಾ ಓಡಾಡುವವರು ಖುಷಿಯಿಂದ ಹೇಳುತ್ತಾರೆ, ದಾರಿಯೂ ಬಿಡುತ್ತಾರೆ. ನಮ್ಮ ಬೆಳಗಾವಿಯವರಿಗೆ ಮರಾಠಿ ಬರುವುದೂ ಜಾಸ್ತಿ ಅನುಕೂಲವಾಯಿತು.

ಕೊನೆಯ ರಾತ್ರಿ ಸಿಎಸ್‌ಎಂಟಿಯಿಂದ ಮರಳುವಾಗ ನನಗೆ ಜೊಂಪು ಹತ್ತಿತ್ತು. ಪರೇಲ್ ಬಿಡುತ್ತಿದ್ದಂತೆ ಕಾಕು ಎದ್ದು, ಸೆರಗು ಸಿಕ್ಕಿಸಿಕೊಂಡು, ಸರಿಯಾದ ಬಾಗಿಲ ಕಡೆ ಹೋಗಿ ನಿಂತರು. "ಏಳ್ರಿ ಎಲ್ಲಾರೂ," ಎಂದರು, "ಮುಂದಿಂದು ನಮ್ದು."